ಇನ್ಶೂರೆನ್ಸ್ ರಿನ್ಯೂವಲ್‌ನಲ್ಲಿ ಅರ್ಧ ರೊಕ್ಕ ಉಳಿಸಿಕೊಡ್ತೀನಿ ಅಂದ್ರೆ, ಮೊದಲು ಎನ್‌ಸಿಬಿ (ನೋ ಕ್ಲೇಮ್ ಬೋನಸ್) ನೋಡಿ

ನಿಮ್ಮ ಕಾರಿನ ಇನ್ಶೂರೆನ್ಸ್ ಮುಗಿಯುತ್ತಾ ಬಂದಿದೆಯಾ? ಪರಿಚಯದ ಏಜೆಂಟ್ ಯಾರೋ ವಾಟ್ಸಾಪ್‌ನಲ್ಲಿ ಅರ್ಧ ರೇಟಿನ ಕೊಟೇಶನ್ ಕಳಿಸಿದ್ದಾನಾ? ಹಾಗಿದ್ದರೆ ರೊಕ್ಕ ಕಟ್ಟುವ ಮೊದಲು ಇದನ್ನು ಓದಿ. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಕಾಕಾನಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಕಾಗದಪತ್ರ ಹಿಡಿದು ಓಡಾಡಿದ್ದು ನಾನೇ. ಎಲ್ಲಿ ಏನು ನಡೆಯಿತು ಅನ್ನೋದು ಸರಿಯಾಗಿ ಗೊತ್ತಿದೆ. ದೂರು ಇನ್ನೂ ನಡೆಯುತ್ತಿರುವುದರಿಂದ ಏಜೆಂಟನ ಹೆಸರು, ಕಂಪನಿ ಹೆಸರು ಹಾಕಿಲ್ಲ. ಹೆಸರು ಹಾಕಿದರೂ ದೊಡ್ಡ ಉಪಯೋಗ ಇರಲಿಲ್ಲ, ಯಾಕೆಂದರೆ ಈ ಆಟ ಆಡುವವನು ಅವನೊಬ್ಬನೇ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ವಿಷಯ ಹೇಳಿದರೆ ಅಲ್ಲಿಯ ಮಿಸ್ತ್ರಿಗೆ ಆಶ್ಚರ್ಯವೇ ಆಗಲಿಲ್ಲ. "ಇಂಥಾ ಕೇಸ್ ಭಾಳ ಬರ್ತಾವ್ರಿ" ಅಂದ.

ಕಾಕಾ ರಿಟೈರ್ಡ್ ಹೈಸ್ಕೂಲ್ ಮಾಸ್ತರ್. ಕಾರು 1197 ಸಿಸಿಯ ಪೆಟ್ರೋಲ್ ಗಾಡಿ, ನಾಲ್ಕು ವರ್ಷ ಹಳೆಯದು. ಮೊದಲ ಮೂರು ವರ್ಷ ಒಂದೂ ಕ್ಲೇಮ್ ಇಲ್ಲ. ನಾಲ್ಕನೇ ವರ್ಷ ಹಾವೇರಿಗೆ ಮದುವೆಗೆ ಹೋದಾಗ, ಕಲ್ಯಾಣ ಮಂಟಪದ ಮುಂದೆ ನಿಲ್ಲಿಸಿದ್ದ ಕಾರಿಗೆ ಟಂಟಂ ಒಂದು ಗುದ್ದಿ ಎರಡು ಬಾಗಿಲು ನೆಗ್ಗಿದವು. ಆಗ ಕ್ಲೇಮ್ ಮಾಡಿ ರಿಪೇರಿ ಮಾಡಿಸಿದ್ದರು. ಎಲ್ಲ ನ್ಯಾಯವಾಗಿಯೇ ಆಯಿತು.

ರಿನ್ಯೂವಲ್ ಬಂದಾಗ ಹಳೆ ಕಂಪನಿ 17 ಸಾವಿರದ ಮೇಲೆ ಕೇಳಿತು. ಅಷ್ಟರಲ್ಲಿ ಈ ಏಜೆಂಟ್ ಮನೆಗೇ ಬಂದ. ಕಾಕಾ ಅವನಿಗೆ ಕ್ಲೇಮ್ ಆಗಿದ್ದನ್ನು ಮೊದಲೇ ಹೇಳಿದರು. ಕಾಕೂ ಅಲ್ಲೇ ಚಹಾ ಕೊಡುತ್ತಾ ನಿಂತಿದ್ದರು, ಅವರಿಗೂ ನೆನಪಿದೆ. ಅವನು ಅಂದದ್ದು ಇಷ್ಟೇ: "ಅದರ ಚಿಂತಿ ನಿಮಗ ಬ್ಯಾಡ್ರಿ ಸರ. ಕಂಪನಿ ಚೇಂಜ್ ಮಾಡಿದ್ರ ಆತು. ಫುಲ್ ಇನ್ಶೂರೆನ್ಸ್ ಎಂಟು ಸಾವಿರದಾಗ ಮಾಡಿಕೊಡ್ತೀನಿ." ಆರ್‌ಸಿ ಫೋಟೊ, ಹಳೆ ಪಾಲಿಸಿ ಫೋಟೊ ತಗೊಂಡ. ರೊಕ್ಕವನ್ನು ತನ್ನ ಸ್ವಂತ ಫೋನ್ ನಂಬರಿಗೆ ಹಾಕಿಸಿಕೊಂಡ. ಸಂಜೆಗೆ ಪಾಲಿಸಿ ಪಿಡಿಎಫ್ ವಾಟ್ಸಾಪ್‌ಗೆ ಬಂತು. ಪಾಲಿಸಿ ನಕಲಿ ಅಲ್ಲ, ಒರಿಜಿನಲ್ಲೇ. ಆದರೆ ಒಳಗೆ ಬರೆದದ್ದು ಸುಳ್ಳು.

ಆ ಸುಳ್ಳು ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ಪ್ರೀಮಿಯಂನಲ್ಲಿ ಮುಖ್ಯವಾಗಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಅದು. ಕಾನೂನಿನ ಪ್ರಕಾರ ಕಡ್ಡಾಯ, ಅದರ ರೇಟನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ದರದ ಪ್ರಕಾರ 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಮೇಲೆ 18% ಜಿಎಸ್‌ಟಿ. ಇದರಲ್ಲಿ ಯಾವ ಏಜೆಂಟೂ ಒಂದು ರೂಪಾಯಿ ಇಳಿಸಲಾರ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಯ ರಿಪೇರಿಗೆ. ಕಡಿಮೆ ಮಾಡುವುದಿದ್ದರೆ ಇಲ್ಲೇ ಮಾಡಬೇಕು, ಕೈಚಳಕ ನಡೆಯುವುದೂ ಇಲ್ಲೇ.

ಓನ್ ಡ್ಯಾಮೇಜ್ ಭಾಗಕ್ಕೆ ನೋ ಕ್ಲೇಮ್ ಬೋನಸ್ ಅಂತ ರಿಯಾಯಿತಿ ಇದೆ, ಎಲ್ಲರೂ ಎನ್‌ಸಿಬಿ ಅನ್ನುತ್ತಾರೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ 20%, ಎರಡು ವರ್ಷಕ್ಕೆ 25%, ಮೂರಕ್ಕೆ 35%, ನಾಲ್ಕಕ್ಕೆ 45%, ಐದಕ್ಕೆ 50%. ನಡುವೆ ಒಂದು ಕ್ಲೇಮ್ ಮಾಡಿದರೆ ಮುಂದಿನ ರಿನ್ಯೂವಲ್‌ಗೆ ಸೀದಾ ಸೊನ್ನೆ. ಎನ್‌ಸಿಬಿ ಉಳಿಸುವ ಬೇರೆ ಆಡ್-ಆನ್ (ಹೆಚ್ಚಿನ ರೊಕ್ಕ ಕೊಟ್ಟು ಸೇರಿಸುವ ಸೌಲಭ್ಯ) ತಗೊಂಡಿದ್ದರೆ ಮಾತು ಬೇರೆ, ಕಾಕಾನ ಪಾಲಿಸಿಯಲ್ಲಿ ಅದು ಇರಲಿಲ್ಲ. ಅವರ ಎನ್‌ಸಿಬಿ ಸೊನ್ನೆಯಾಗಿತ್ತು. ಹಳೆ ಕಂಪನಿಯ ಕಂಪ್ಯೂಟರ್‌ನಲ್ಲಿ ಕ್ಲೇಮ್ ಇದ್ದೇ ಇರುತ್ತದೆ, ಅಲ್ಲಿ ಸುಳ್ಳು ನಡೆಯುವುದಿಲ್ಲ. ಅದಕ್ಕೇ ಕಂಪನಿ ಬದಲಾಯಿಸಿದ್ದು. ಹೊಸ ಕಂಪನಿಯ ಫಾರ್ಮಿನಲ್ಲಿ "ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?" ಅಂತ ಪ್ರಶ್ನೆ ಇರುತ್ತದೆ. ಏಜೆಂಟ್ "ಇಲ್ಲ" ಅಂತ ಒತ್ತಿದ. ಮೊದಲ ಮೂರು ವರ್ಷ ಕ್ಲೇಮ್ ಇಲ್ಲದ್ದಕ್ಕೆ ಹಳೆ ಪಾಲಿಸಿಯಲ್ಲಿ 35% ಇತ್ತಲ್ಲ, ಹೊಸದರಲ್ಲಿ 45% ಆಯಿತು. ಕಾಕಾನ ಹೆಸರಿನಲ್ಲಿ ಸುಳ್ಳು ಘೋಷಣೆ ಹೋಯಿತು, ಕಾಕಾನಿಗೇ ಗೊತ್ತಿಲ್ಲದ ಹಾಗೆ.

ಫೆಬ್ರವರಿಯಲ್ಲಿ ಕಾಕಾ ಗದಗದಿಂದ ರಾತ್ರಿ ವಾಪಸ್ ಬರುತ್ತಿದ್ದರು. ಅಣ್ಣಿಗೇರಿ ಕಡೆ ಕಡಲೆ ಸುಗ್ಗಿ. ರಸ್ತೆಯ ಮೇಲೆ ಹೊಟ್ಟು ಹೇರಿದ ಟ್ರೇಲರ್ ಕೆಟ್ಟು ನಿಂತಿತ್ತು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಹೊಟ್ಟು ಇಳಿಬಿದ್ದು ಮುಚ್ಚಿತ್ತು. ಬ್ರೇಕ್ ಹಾಕಿದರೂ ನಿಲ್ಲಲಿಲ್ಲ. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬಾನೆಟ್, ಬಂಪರ್, ಎರಡೂ ಹೆಡ್‌ಲೈಟ್, ರೇಡಿಯೇಟರ್, ಏಸಿ ಕಂಡೆನ್ಸರ್ ಹೋದವು. ಟ್ರ್ಯಾಕ್ಟರಿಗೆ ಇನ್ಶೂರೆನ್ಸೇ ಇರಲಿಲ್ಲ. ಹುಬ್ಬಳ್ಳಿಯ ಗ್ಯಾರೇಜಿನ ಎಸ್ಟಿಮೇಟ್ 1 ಲಕ್ಷ 90 ಸಾವಿರ.

ಮೊದಲ ಅನುಮಾನ ಬಂದದ್ದು ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಮಾಡಿದಾಗ. "ನೀವು ಹೇಳುತ್ತಿರುವ ಮೊಬೈಲ್ ನಂಬರ್ ಈ ಪಾಲಿಸಿಯಲ್ಲಿ ಇಲ್ಲ" ಅಂದರು. ಪಿಡಿಎಫ್ ತೆರೆದು ನೋಡಿದರೆ ನಂಬರ್ ಏಜೆಂಟನದು. ಇಮೇಲ್ ವಿಳಾಸವೂ ಅವನದೇ. ಇದು ಅವಸರದಲ್ಲಿ ಆದ ಟೈಪಿಂಗ್ ತಪ್ಪಲ್ಲ. ಕಂಪನಿಯಿಂದ ಬರುವ ಓಟಿಪಿ, ಪತ್ರ, ಎಚ್ಚರಿಕೆ ಎಲ್ಲ ಅವನಿಗೇ ಹೋಗಲಿ ಅಂತಲೇ ಹಾಗೆ ಹಾಕುವುದು. ಹೊಸ ಕಂಪನಿ ಹಳೆ ಕಂಪನಿಯನ್ನು ಕೇಳಿ, ಎನ್‌ಸಿಬಿ ತಪ್ಪಿದೆ, ವ್ಯತ್ಯಾಸದ ಹಣ ಕಟ್ಟಿ ಅಂತ ಇಮೇಲ್ ಕಳಿಸಿತ್ತಂತೆ. ಅದು ಕಾಕಾನನ್ನು ತಲುಪಲೇ ಇಲ್ಲ. ತಲುಪಿದ್ದರೆ ಅವತ್ತೇ ಕಟ್ಟುತ್ತಿದ್ದರು. ಬಾಕಿ ಅಂದರೆ ನಿದ್ದೆ ಬಾರದ ಮನುಷ್ಯ ಅವರು.

ಸರ್ವೇಯರ್ ಬಂದರು, ಫೋಟೊ ತೆಗೆದರು, ಹೋದರು. ಆಮೇಲೆ ಪತ್ರ ಬಂತು: ಹಿಂದಿನ ಪಾಲಿಸಿಯಲ್ಲಿ ಕ್ಲೇಮ್ ಪಡೆದಿದ್ದರೂ ಇಲ್ಲವೆಂದು ಘೋಷಿಸಿ ಎನ್‌ಸಿಬಿ ಪಡೆದಿದ್ದೀರಿ, ಆದ್ದರಿಂದ ಓನ್ ಡ್ಯಾಮೇಜ್ ಕ್ಲೇಮ್ ತಿರಸ್ಕರಿಸಲಾಗಿದೆ. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಈ ಷರತ್ತು ಇದೆ. ಎನ್‌ಸಿಬಿ ಘೋಷಣೆ ಸುಳ್ಳಾದರೆ ಸ್ವಂತ ಗಾಡಿಯ ಹಾನಿಗೆ ಸಿಗುವ ಲಾಭ ಎಲ್ಲ ಕಳೆದುಕೊಳ್ಳುತ್ತೀರಿ ಅಂತ. ಏಜೆಂಟನಿಗೆ ಫೋನ್ ಮಾಡಿದೆ. "ಆ್ಯಕ್ಸಿಡೆಂಟ್ ಆಗ್ತದಂತ ಯಾರಿಗೆ ಗೊತ್ತಿರ್ತದ್ರಿ" ಅಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಆ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ್ಯಕ್ಸಿಡೆಂಟ್ ಆದರೆ ಇರಲಿ ಅಂತ ಅಲ್ವಾ ಜನ ಇನ್ಶೂರೆನ್ಸ್ ಮಾಡಿಸುವುದು?

ಪಾಲಿಸಿಯನ್ನು ಟೇಬಲ್ ಮೇಲೆ ಹರಡಿ ಸಾಲು ಸಾಲಾಗಿ ಓದಿದಾಗ ಇನ್ನೂ ಕೆಲವು ಸಿಕ್ಕವು. ಹಳೆ ಪಾಲಿಸಿಯಲ್ಲಿದ್ದ ಝೀರೋ ಡೆಪ್, ಅಂದರೆ ಭಾಗಗಳ ಸವೆತಕ್ಕೆ ಕಡಿತ ಮಾಡದ ಆಡ್-ಆನ್, ತೆಗೆದಿದ್ದ. ಅದಿಲ್ಲದಿದ್ದರೆ ಬಂಪರ್, ರಬ್ಬರ್, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ 50% ನಾವೇ ಕೊಡಬೇಕು. ತಗಡಿನ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಕಡಿತ. ನಾಲ್ಕರಿಂದ ಐದು ವರ್ಷದ ಗಾಡಿಗೆ 35%. ಇದರ ಮೇಲೆ "ವಾಲಂಟರಿ ಡಿಡಕ್ಟಿಬಲ್ 15,000" ಅಂತ ಒಂದು ಸಾಲು. ಅಂದರೆ ಪ್ರತಿ ಕ್ಲೇಮಿನಲ್ಲಿ ಮೊದಲ 15 ಸಾವಿರ ನಾನೇ ಹಾಕಿಕೊಳ್ಳುತ್ತೇನೆ ಅಂತ ಕಾಕಾ ಒಪ್ಪಿದಂತೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಇರುವ 1,000 ರೂಪಾಯಿ ಕಡಿತ ಬೇರೆ. ಈ 15 ಸಾವಿರದ ಹೊರೆ ಹೊತ್ತದ್ದಕ್ಕೆ ಸಿಕ್ಕ ರಿಯಾಯಿತಿ 2,500. ಐಡಿವಿಯನ್ನೂ ಇಳಿಸಿದ್ದ. ಗಾಡಿ ಕಳುವಾದರೆ ಅಥವಾ ಪೂರ್ತಿ ಹೋದರೆ ಸಿಗುವ ಮೊತ್ತಕ್ಕೆ ಐಡಿವಿಯೇ ಲೆಕ್ಕ, ಅದನ್ನು ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ನಷ್ಟ ನಮಗೆ. ಹೀಗೆ ನಾಲ್ಕು ಕಡೆ ಕತ್ತರಿಸಿ ಎಂಟು ಸಾವಿರಕ್ಕೆ ತಂದಿದ್ದ. ಹೆಸರು ಮಾತ್ರ "ಫುಲ್ ಇನ್ಶೂರೆನ್ಸ್".

ಹಾಗಂತ ಕಂಪನಿಯೂ ಪೂರ್ತಿ ಕೈ ತೊಳೆದುಕೊಳ್ಳುವ ಹಾಗಿಲ್ಲ ಅನ್ನೋದು ನಮ್ಮ ವಾದ. 2002ರ ಇಂಡಿಯನ್ ಮೋಟಾರ್ ಟ್ಯಾರಿಫ್‌ನ 27ನೇ ನಿಯಮದ ಪ್ರಕಾರ, ಗ್ರಾಹಕರ ಮಾತಿನ ಮೇಲೆ ಎನ್‌ಸಿಬಿ ಕೊಟ್ಟ ಹೊಸ ಕಂಪನಿ 21 ದಿನದೊಳಗೆ ಹಳೆ ಕಂಪನಿಗೆ ಬರೆದು ಖಚಿತ ಮಾಡಿಕೊಳ್ಳಬೇಕು. ತಪ್ಪು ಗೊತ್ತಾದ ಮೇಲೂ ಪ್ರೀಮಿಯಂ ಇಟ್ಟುಕೊಂಡು, ಆರ್‌ಸಿಯಲ್ಲಿರುವ ಮನೆ ವಿಳಾಸಕ್ಕೆ ಒಂದು ಕಾಗದವನ್ನೂ ಹಾಕದೆ, ಕ್ಲೇಮ್ ಬಂದಾಗ ಮಾತ್ರ ಅದನ್ನು ಎತ್ತುವುದು ಯಾವ ನ್ಯಾಯ? ಕಂಪನಿಯ ದೂರು ವಿಭಾಗಕ್ಕೆ ಬರೆದೆವು. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿದ್ದೇವೆ, ಅದರ ಸಹಾಯವಾಣಿ 155255. ಕಂಪನಿಯ ಉತ್ತರ ಸರಿಯಿಲ್ಲದಿದ್ದರೆ ಅಥವಾ ಒಂದು ತಿಂಗಳಲ್ಲಿ ಉತ್ತರವೇ ಬರದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇನ್ಶೂರೆನ್ಸ್ ದೂರು ಬಗೆಹರಿಸುವ ಅಧಿಕಾರಿ) ಬಳಿ ಹೋಗಬಹುದು. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ. ನಮ್ಮ ಅರ್ಜಿ ಈಗ ಅಲ್ಲಿದೆ. ಗ್ಯಾರೇಜಿನ ಬಿಲ್ಲನ್ನು ಮಾತ್ರ ಕಾಕಾ ತಮ್ಮ ಎಫ್‌ಡಿ ಮುರಿದು ಕಟ್ಟಿದರು.

ಪಾಲಿಸಿ ಬಂದ ಕೂಡಲೇ ನೀವು ನೋಡಬೇಕಾದದ್ದು ಮೊದಲ ಪುಟವೇ. ಮೊಬೈಲ್ ನಂಬರ್ ಮತ್ತು ಇಮೇಲ್ ನಿಮ್ಮದೇನಾ? ಎನ್‌ಸಿಬಿ ಎಷ್ಟು ಹಾಕಿದ್ದಾರೆ, ನಿಮ್ಮ ಕ್ಲೇಮ್ ಇತಿಹಾಸಕ್ಕೆ ಅದು ಹೊಂದುತ್ತದಾ? ಡಿಡಕ್ಟಿಬಲ್ ಸಾಲು, ಐಡಿವಿ, ಆಡ್-ಆನ್‌ಗಳ ಪಟ್ಟಿ ಹಳೆ ಪಾಲಿಸಿ ಜೊತೆ ಇಟ್ಟು ನೋಡಿ. ಪಾಲಿಸಿ ಅಸಲಿಯೋ ಅಲ್ಲವೋ ಅನ್ನೋದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಪಾಲಿಸಿ ನಂಬರ್ ಹಾಕಿ ನೋಡಿಕೊಳ್ಳಿ. ಬೈಕಿನ ಪಾಲಿಸಿ ಮಾಡಿಸಿ ಪಿಡಿಎಫ್ ತಿದ್ದಿ ಕಾರಿನದು ಅಂತ ಕೊಟ್ಟ ಮೋಸಗಳೂ ದೇಶದಲ್ಲಿ ಸಿಕ್ಕಿವೆ. ರೊಕ್ಕವನ್ನು ಕಂಪನಿಯ ಲಿಂಕಿಗೇ ಕಟ್ಟಿ, ಏಜೆಂಟನ ಸ್ವಂತ ಖಾತೆಗೆ ಬೇಡ. ಫಾರ್ಮ್ ಅವನೇ ತುಂಬಲಿ, ಆದರೆ ಓಟಿಪಿ ಹೇಳುವ ಮೊದಲು ಅವನ ಫೋನ್ ಕೈಗೆ ತಗೊಂಡು ಓದಿ. ಬೇಜಾರಾದರೆ ಆಗಲಿ.

ಉಳಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲರಿಗೂ ರೊಕ್ಕ ಬೇಕು, ನ್ಯಾಯವಾಗಿ ಉಳಿಸುವ ದಾರಿಗಳೂ ಇವೆ. ಎರಡು ಮೂರು ಸಾವಿರದ ಗೀರು, ಸಣ್ಣ ನೆಗ್ಗಿಗೆ ಕ್ಲೇಮ್ ಮಾಡಬೇಡಿ. ಕೈಯಿಂದ ರೊಕ್ಕ ಹಾಕಿ ಟಿಂಕರಿಂಗ್ ಮಾಡಿಸಿದರೆ ಎನ್‌ಸಿಬಿ ಉಳಿಯುತ್ತದೆ, ಲೆಕ್ಕ ಹಾಕಿದರೆ ಅದೇ ಲಾಭ. ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿ ಹೋಗುತ್ತದೆ, ಅದಕ್ಕೆ ತಾರೀಖು ಮುಗಿಯುವ ಮೊದಲೇ ಮಾಡಿಸಿ. ಎನ್‌ಸಿಬಿ ಇರುವುದು ಮಾಲೀಕನ ಹೆಸರಿಗೆ, ಗಾಡಿಗಲ್ಲ. ಹಳೆ ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಇದು ನಮ್ಮ ಕಡೆ ಭಾಳ ಜನರಿಗೆ ಗೊತ್ತೇ ಇಲ್ಲ. ಮಾಲೀಕ-ಚಾಲಕನಿಗೆ ಕಡ್ಡಾಯವಾಗಿರುವ 15 ಲಕ್ಷದ ಅಪಘಾತ ವಿಮೆ ಈಗಾಗಲೇ ಬೇರೆ ಕಡೆ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ, ಅದನ್ನು ಹೇಳಿ ತೆಗೆಸಿ. ಕಂಪನಿ ಬದಲಿಸುವುದರಲ್ಲೂ ತಪ್ಪಿಲ್ಲ. ಒಂದೇ ಐಡಿವಿ, ಒಂದೇ ಆಡ್-ಆನ್, ಸರಿಯಾದ ಎನ್‌ಸಿಬಿ ಇಟ್ಟು ನಾಲ್ಕು ಕಂಪನಿಯ ರೇಟ್ ಕೇಳಿ. ಅದರಲ್ಲೇ ಸಾಕಷ್ಟು ಫರಕು ಸಿಗುತ್ತದೆ.

ಈಗಾಗಲೇ ಯಾರಾದರೂ ನಿಮಗೆ ಇಂಥ ಅಗ್ಗದ ಪಾಲಿಸಿ ಮಾಡಿಕೊಟ್ಟಿದ್ದರೆ ಇವತ್ತೇ ತೆಗೆದು ನೋಡಿ. ಎನ್‌ಸಿಬಿ ತಪ್ಪಿದ್ದರೆ ಏಜೆಂಟನ ಹತ್ತಿರ ಹೋಗಬೇಡಿ. ನೇರವಾಗಿ ಕಂಪನಿಗೆ ಫೋನ್ ಮಾಡಿ, ಇಮೇಲ್ ಕೂಡ ಹಾಕಿ. ವ್ಯತ್ಯಾಸದ ಹಣ ಕಟ್ಟಿಸಿಕೊಂಡು ಅವರು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ತಿದ್ದುಪಡಿ, ಮಾಡಿಕೊಡುತ್ತಾರೆ. ಅದೇ ಹೊತ್ತಿಗೆ ಮೊಬೈಲ್ ನಂಬರ್ ಮತ್ತು ಇಮೇಲ್ ಕೂಡ ಬದಲಿಸಿಕೊಂಡು, ಎಂಡಾರ್ಸ್‌ಮೆಂಟ್ ಕಾಪಿಯನ್ನು ಪಾಲಿಸಿ ಜೊತೆಗೇ ಇಟ್ಟುಕೊಳ್ಳಿ. ಗಾಡಿಗೆ ಏನಾದರೂ ಆಗುವ ಮೊದಲೇ ಇದು ಮುಗಿದಿರಬೇಕು.