ಮಕ್ಕಳ ಸಹಾಯವಾಣಿ 1098: ಕರೆಗೆ ಸಿಗುವ ಉತ್ತರ, ಕರೆಯ ನಂತರದ ಜೊತೆ

ಶಾಲೆಗಳ ಗೋಡೆಯ ಮೇಲೂ ರೈಲು ನಿಲ್ದಾಣಗಳ ಫಲಕದಲ್ಲೂ ಕಾಣುವ 1098 ಎಂಬ ಸಂಖ್ಯೆಯನ್ನು ಬಹಳ ಮಂದಿ ಓದಿರುತ್ತಾರೆ, ಬಳಸಿದವರು ಕಡಿಮೆ. ಪ್ರೌಢಶಾಲೆಯ ಶಿಕ್ಷಕಿಯಾಗಿ ನನ್ನ ವಿದ್ಯಾರ್ಥಿಗಳಿಗಾಗಿ ಈ ಸೇವೆಯನ್ನು ಬಳಸಿದ್ದೇನೆ. ಕರೆ ಮಾಡಲು ಹಿಂಜರಿಯುವವರಿಗೆ ಅದು ಹೇಗೆ ನಡೆಯುತ್ತದೆ, ಎಲ್ಲಿ ಸೊರಗುತ್ತದೆ ಎಂಬುದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಗಲು ರಾತ್ರಿಯೆನ್ನದೆ ಶುಲ್ಕವಿಲ್ಲದೆ ದೊರೆಯುವ ಈ ಸಹಾಯವಾಣಿ 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ, ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ, ಬೀದಿಯಲ್ಲಿ ಬದುಕುವ ಮಕ್ಕಳ ನಡುವೆ ಆರಂಭವಾಯಿತು. ಬಹುಕಾಲ ಸ್ವಯಂಸೇವಾ ಸಂಸ್ಥೆಗಳು ನಡೆಸಿಕೊಂಡು ಬಂದ ಈ ಕೆಲಸ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ 2023ರಿಂದ ರಾಜ್ಯ ಸರ್ಕಾರಗಳ ಕೈಗೆ ಬಂದಿದೆ. ಈಗ ಕರೆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಿ, ಅಲ್ಲಿಂದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ತಂಡವನ್ನು ತಲುಪುತ್ತದೆ.

ಈ ಸೇವೆಯ ನಿಜವಾದ ಬಲವಿರುವುದು ಮೊದಲ ದಿನದಲ್ಲಿ. ಕರೆ ಸ್ವೀಕರಿಸಿದವರು ಕನ್ನಡದಲ್ಲಿಯೇ ಸಮಾಧಾನದಿಂದ ಮಾತನಾಡಿ ಮಗುವಿನ ವಯಸ್ಸು, ಊರು, ಈಗ ಎಲ್ಲಿದ್ದಾಳೆ, ಯಾರ ಜೊತೆಗಿದ್ದಾಳೆ ಎಂಬುದನ್ನು ಕೇಳಿಕೊಂಡರೇ ಹೊರತು, ಹೇಳುತ್ತಿರುವವರ ಮೇಲೆ ಅನುಮಾನ ತೋರಿಸಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮದುವೆ ನಿಶ್ಚಯವಾಗಿದೆಯೆಂದು ತಿಳಿಸಿದಾಗ, ಪೊಲೀಸರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಂದಿಗೆ ತಂಡವು ಮನೆಗೆ ಹೋಗಿ, ಕರೆ ಮಾಡಿದ್ದು ಯಾರೆಂಬುದನ್ನು ಬಿಟ್ಟುಕೊಡದೆ, ಮದುವೆಯನ್ನು ನಿಲ್ಲಿಸಿತು. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಘೋಷಿಸಿರುವುದು ಇಂಥ ಸಂದರ್ಭದಲ್ಲಿ ಸಿಬ್ಬಂದಿಗೆ ದೊಡ್ಡ ಆಸರೆ.

ಆದರೆ ಮದುವೆ ಮಾಡುವುದಿಲ್ಲವೆಂದು ಅಂದು ಹೆತ್ತವರಿಂದ ಬರೆಸಿಕೊಂಡ ಮುಚ್ಚಳಿಕೆಯ ನಂತರ ಏನಾಗುತ್ತದೆ ಎಂಬಲ್ಲಿ ನನ್ನ ಮೆಚ್ಚುಗೆ ನಿಂತುಬಿಡುತ್ತದೆ. ಮುಚ್ಚಳಿಕೆ ಎಂಬುದು ಒಂದು ಕಾಗದ. ಹುಡುಗಿಯನ್ನು ಸಂಬಂಧಿಕರ ಊರಿಗೆ ಸಾಗಿಸಿ ಅಲ್ಲಿಯ ದೇವಸ್ಥಾನದಲ್ಲಿ ತಾಳಿ ಕಟ್ಟಿಸುವುದನ್ನು ಅದು ತಾನಾಗಿ ತಡೆಯಲಾರದು. ವಾರಕ್ಕೊಮ್ಮೆ ಶಾಲೆಗೆ ಫೋನ್ ಮಾಡಿ ಅವಳ ಹಾಜರಾತಿ ವಿಚಾರಿಸುವ, ತಾಯಿಯ ಹತ್ತಿರ ಕುಳಿತು ಮಾತನಾಡುವ ಒಬ್ಬರು ಬೇಕು. ನಾನು ಕಂಡ ಪ್ರಕರಣದಲ್ಲಿ ಆ ಕೆಲಸವನ್ನು ಶಾಲೆಯೇ ಮಾಡಬೇಕಾಯಿತು.

ಸಹಾಯವಾಣಿಯ ಮೂಲಕ ರಕ್ಷಿಸಲ್ಪಟ್ಟ, ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ, ಅಂಥ ಮಕ್ಕಳ ಆರೈಕೆಯ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ ಸೇರುವುದರಿಂದ, ದೂರದ ಹಳ್ಳಿಯ ಕೂಲಿಕಾರ ಹೆತ್ತವರಿಗೆ ಪ್ರತಿ ಹಾಜರಿಯೂ ಒಂದು ದಿನದ ಕೂಲಿಯ ನಷ್ಟ.

ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಈ ಜೊತೆಗಾರಿಕೆಯ ಕೊರತೆ ಇನ್ನೂ ನೋವಿನದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಡುವ ಜಾಗದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ದಾಖಲಿಸಿಕೊಳ್ಳಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ತನಿಖೆಯಿಂದ ವಿಚಾರಣೆಯವರೆಗೆ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಒದಗಿಸಲು ಅದೇ ಕಾಯ್ದೆಯ 2020ರ ನಿಯಮಗಳು ಅವಕಾಶ ಕೊಟ್ಟಿವೆ, ಮತ್ತು ಬೆಂಬಲ ವ್ಯಕ್ತಿಯ ನೇಮಕ ಐಚ್ಛಿಕವಲ್ಲವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಹೀಗಿದ್ದರೂ ನನಗೆ ಪರಿಚಯವಿದ್ದ ಒಂದು ಕುಟುಂಬಕ್ಕೆ ಇಂಥ ನೆರವಿದೆ ಎಂಬುದನ್ನೇ ಯಾರೂ ಹೇಳಿರಲಿಲ್ಲ. ಮುಂದೆ ಸಿಕ್ಕ ಕಾರ್ಯಕರ್ತೆ ಒಳ್ಳೆಯವರಾಗಿದ್ದರೂ ಬೇಗನೆ ಬದಲಾದರು, ಮಗು ತನ್ನ ಕಥೆಯನ್ನು ಹೊಸಬರ ಮುಂದೆ ಮತ್ತೆ ಹೇಳಬೇಕಾಯಿತು. ಈ ಕೆಲಸದಲ್ಲಿರುವವರಿಗೆ ಸ್ಥಿರವಾದ ನೌಕರಿ, ಸಕಾಲದ ವೇತನ, ಪ್ರಯಾಣದ ಖರ್ಚು ಸಿಗದಿದ್ದರೆ ಅವರು ಉಳಿಯಲಾರರು, ಅವರು ಉಳಿಯದಿದ್ದರೆ ಮಗುವಿನ ನಂಬಿಕೆಯೂ ಉಳಿಯದು. ಸರ್ಕಾರ ಹಣ ತೊಡಗಿಸಬೇಕಾದದ್ದು ಇನ್ನಷ್ಟು ಫಲಕಗಳಿಗಿಂತ ಮೊದಲು ಇಲ್ಲಿ.

ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬರುವವರ ವಿಷಯವನ್ನೂ ಹೇಳಬೇಕು. ಅವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ನಂತರದ ಆರೈಕೆಯ ಅವಕಾಶವಿದೆ. ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿಯ ನೆರವೂ ಇದೆ. ಆ ಮೊತ್ತದಲ್ಲಿ ಬೆಂಗಳೂರಿನಂಥ ನಗರದಲ್ಲಿ ಬಾಡಿಗೆ, ಊಟ, ಓದು ಮೂರೂ ಸಾಗುವುದು ಕಷ್ಟ. ಆದರೂ ಅದನ್ನು ಕೇಳಿ ಪಡೆಯಬೇಕೆಂದು ಅವರಿಗೆ ಮೊದಲೇ ತಿಳಿಸುವ ಕೆಲಸ ಆಗಲೇಬೇಕು.

ಇಷ್ಟೆಲ್ಲ ಕೊರತೆಗಳ ನಡುವೆಯೂ ಯಾವ ಮಗುವಿನ ಬಗ್ಗೆ ಆತಂಕವಾದರೂ 1098ಕ್ಕೆ ಕರೆ ಮಾಡಿ ಎಂದೇ ನಾನು ಹೇಳುತ್ತೇನೆ, ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112ಕ್ಕೆ. ಶಿಕ್ಷಕರು ಕರೆಗೆ ಮುನ್ನ ದಾಖಲಾತಿ ವಹಿಯಲ್ಲಿರುವ ಜನ್ಮದಿನಾಂಕವನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ವಯಸ್ಸಿನ ಪ್ರಶ್ನೆ ಬಂದಾಗ ಶಾಲೆಯ ದಾಖಲೆಗೆ ಬಾಲನ್ಯಾಯ ಕಾಯ್ದೆಯಲ್ಲಿ ಆದ್ಯತೆ ಇದೆ. ಪ್ರಕರಣವನ್ನು ಯಾರಿಗೆ ವಹಿಸಿದ್ದಾರೆ, ಅವರು ಮತ್ತೆ ಯಾವಾಗ ಮಗುವನ್ನು ಭೇಟಿಯಾಗುತ್ತಾರೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ, ಆ ದಿನ ಯಾರೂ ಬಾರದಿದ್ದರೆ ಮತ್ತೆ ಕರೆ ಮಾಡಿ.