ಆರ್‌ಎನ್‌ಎ ನೋಡಲು ಮೂರು ದಾರಿ: ಎಸ್‌ಎಂ-ಫಿಶ್, ಆರ್‌ಎನ್‌ಎಸ್ಕೋಪ್, ಎಚ್‌ಸಿಆರ್

ಕೋಶದೊಳಗೆ ಒಂದು ಜೀನ್‌ನ ಆರ್‌ಎನ್‌ಎ ಎಲ್ಲಿದೆ, ಎಷ್ಟಿದೆ ಎಂದು ಮೈಕ್ರೋಸ್ಕೋಪ್‌ನಲ್ಲಿ ನೋಡುವ ಮೂರು ವಿಧಾನಗಳಿವು. ಡಿಶ್‌ನಲ್ಲಿ ಬೆಳೆಸಿದ ಕೋಶಗಳಿಗಾದರೆ, ಒಂದೊಂದು ಆರ್‌ಎನ್‌ಎ ಅಣುವನ್ನೂ ಚುಕ್ಕೆಯಾಗಿ ತೋರಿಸುವ ಎಸ್‌ಎಂ-ಫಿಶ್‌ಗೆ ಸಾಟಿಯಿಲ್ಲ. 2008ರಲ್ಲಿ ಅರ್ಜುನ್ ರಾಜ್ ಮತ್ತು ಸಂಗಡಿಗರು ತೋರಿಸಿದ ರೀತಿ ಇದು: 20 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಸುಮಾರು 48 ಪ್ರೋಬ್‌ಗಳು, ಅಂದರೆ ಗುರಿಯ ಆರ್‌ಎನ್‌ಎಗೆ ಅಂಟುವ ಡಿಎನ್‌ಎ ತುಣುಕುಗಳು; ಪ್ರತಿಯೊಂದಕ್ಕೂ ಒಂದೇ ಫ್ಲೋರೊಸೆಂಟ್ ಡೈ. ಎಲ್ಲೋ ದಾರಿ ತಪ್ಪಿ ಕೂತ ಒಂಟಿ ಪ್ರೋಬ್ ಕಣ್ಣಿಗೆ ಬೀಳುವುದೇ ಇಲ್ಲ. ಹತ್ತಾರು ಪ್ರೋಬ್ ಒಂದೇ ಆರ್‌ಎನ್‌ಎ ಮೇಲೆ ಕೂತರಷ್ಟೇ ಚುಕ್ಕೆ. ಚುಕ್ಕೆ ಎಣಿಸಿದರೆ ಅಣುಗಳನ್ನೇ ಎಣಿಸಿದ ಹಾಗೆ. ಆದರೆ ಅಷ್ಟು ಪ್ರೋಬ್ ಕೂರಲು ಸಾವಿರ ಬೇಸ್‌ಗಳಷ್ಟು ಜಾಗ ಬೇಕು, 100 ಪಟ್ಟಿನ ಆಯಿಲ್ ಲೆನ್ಸೂ ಬೇಕು.

ಅದನ್ನೇ ವಯಸ್ಸಾದ ಇಲಿಯ ಮಿದುಳಿನ ಸೆಕ್ಷನ್ (ತೆಳು ಹೋಳು) ಮೇಲೆ ಹಾಕಿದಾಗ ಕಥೆಯೇ ಬೇರೆ. ವಯಸ್ಸಾದಂತೆ ನರಕೋಶಗಳಲ್ಲಿ ಕೂಡಿಕೊಂಡ ಲಿಪೊಫುಸಿನ್ ಎಂಬ ವರ್ಣದ್ರವ್ಯ ಹಸಿರು, ಕೆಂಪು ಎರಡರಲ್ಲೂ ಹೊಳೆಯುತ್ತದೆ, ಅದೂ ಚುಕ್ಕೆಚುಕ್ಕೆಯಾಗಿ. ಪ್ರೋಬ್ ಹಾಕದ ಒಂದು ಚಾನೆಲ್‌ನಲ್ಲೂ (ಬಣ್ಣದಲ್ಲೂ) ಚಿತ್ರ ತೆಗೆಯುವುದೇ ಇದಕ್ಕೆ ನಾನು ಕಂಡುಕೊಂಡ ಉಪಾಯ: ಎರಡೂ ಕಡೆ ಒಂದೇ ಜಾಗದಲ್ಲಿ ಕಂಡದ್ದನ್ನು ಲೆಕ್ಕದಿಂದ ತೆಗೆಯುತ್ತೇನೆ. ಅಂಗಾಂಶದಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಈ ಹಿನ್ನೆಲೆಯ ಹೊಳಪಿನಿಂದಲೇ.

2012ರಲ್ಲಿ ಬಂದ ಆರ್‌ಎನ್‌ಎಸ್ಕೋಪ್ ಇಲ್ಲಿ ಕೈಹಿಡಿಯುತ್ತದೆ. ಝಡ್ ಆಕಾರದ ಎರಡು ಪ್ರೋಬ್‌ಗಳು ಅಕ್ಕಪಕ್ಕ ಕೂತ ಮೇಲೆಯೇ ಸಿಗ್ನಲ್ ಬೆಳೆಯುವುದರಿಂದ ಚುಕ್ಕೆ ದಪ್ಪಗೆ ಕಾಣುತ್ತದೆ, 40 ಪಟ್ಟು ಸಾಕು. ಪ್ಯಾರಾಫಿನ್ ಬ್ಲಾಕ್‌ಗಳಿಗೆ (ಮೇಣದಲ್ಲಿ ಹುದುಗಿಸಿದ ಅಂಗಾಂಶಕ್ಕೆ) ನನ್ನ ಮೊದಲ ಆಯ್ಕೆ ಇದೇ, ಒಂದೇ ದಿನದಲ್ಲಿ ಮುಗಿಯುತ್ತದೆ. ಕಿಟ್ ಮಾತ್ರ ದುಬಾರಿ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಹಂತದ ನಂತರ, ಪ್ರೋಟೀನ್ ಗುರುತಿಸಲು ಹಾಕುವ ನನ್ನ ಕೆಲವು ಆಂಟಿಬಾಡಿಗಳು ಹಿಡಿಯಲೇ ಇಲ್ಲ.

ಪ್ರೋಟೀನ್ ಮತ್ತು ಆರ್‌ಎನ್‌ಎ ಒಂದೇ ಸೆಕ್ಷನ್‌ನಲ್ಲಿ ಬೇಕಿದ್ದರಿಂದ ನಾನು ಎಚ್‌ಸಿಆರ್ ಕಡೆ ಹೋದೆ, ಈಗ ಅಲ್ಲೇ ಇದ್ದೇನೆ. ಇದರಲ್ಲಿ ಪ್ರೋಬ್‌ನ ಒಂದು ತುಣುಕು ಶುರುಮಾಡಿಕೊಟ್ಟ ಮೇಲೆ, ಹೇರ್‌ಪಿನ್ ಎಂಬ ಮಡಿಚಿದ, ಡೈ ಅಂಟಿಸಿದ ಡಿಎನ್‌ಎ ತುಣುಕುಗಳು ಒಂದಕ್ಕೊಂದು ಕೊಂಡಿ ಹಾಕಿ ಸರಪಳಿಯಾಗಿ ಬೆಳೆಯುತ್ತವೆ. ಕ್ಯಾಲ್ಟೆಕ್‌ನ ನೈಲ್ಸ್ ಪಿಯರ್ಸ್ ತಂಡದ 2018ರ ಮೂರನೇ ಆವೃತ್ತಿಯಲ್ಲಿ ಸರಪಳಿ ಶುರುಮಾಡುವ ತುಣುಕನ್ನೇ ಎರಡು ಪ್ರೋಬ್‌ಗಳಿಗೆ ಹಂಚಿದ್ದಾರೆ. ಒಂಟಿ ಪ್ರೋಬ್ ಎಲ್ಲಿ ಅಂಟಿದರೂ ಅರ್ಧ ತುಣುಕಿನಿಂದ ಏನೂ ಬೆಳೆಯುವುದಿಲ್ಲ. ತೆಳು ಸೆಕ್ಷನ್‌ಗಳಲ್ಲಿ ಪ್ರೋಟಿಯೇಸ್ ಇಲ್ಲದೆಯೇ ನನಗೆ ಚೆನ್ನಾಗಿ ಬಂತು, ಆಂಟಿಬಾಡಿಯೂ ಹಿಡಿಯಿತು. ಹೇರ್‌ಪಿನ್‌ಗಳನ್ನು 95 ಡಿಗ್ರಿಯಲ್ಲಿ 90 ಸೆಕೆಂಡ್ ಕಾಯಿಸಿ, ಕತ್ತಲಲ್ಲಿ ಅರ್ಧ ಗಂಟೆ ತಣಿಯಲು ಬಿಡಬೇಕು. ಎರಡು ಹೇರ್‌ಪಿನ್‌ಗಳನ್ನೂ ಬೇರೆ ಬೇರೆ ಟ್ಯೂಬ್‌ಗಳಲ್ಲೇ ಕಾಯಿಸಬೇಕು, ಈ ಹಂತದಲ್ಲಿ ಆತುರ ಬೇಡ.

ಸಮಯ ಮಾತ್ರ ಮೂರು ದಿನ ಹಿಡಿಯುತ್ತದೆ. ಸರಪಳಿಯನ್ನು ರಾತ್ರಿಯಿಡೀ ಬೆಳೆಯಲು ಬಿಟ್ಟರೆ ಹೆಚ್ಚು ಆರ್‌ಎನ್‌ಎ ಇರುವ ಕೋಶಗಳಲ್ಲಿ ಚುಕ್ಕೆಗಳು ಒಂದಕ್ಕೊಂದು ಬೆರೆತು ಬರೀ ಹೊಳಪು ಉಳಿಯುತ್ತದೆ. ಎಣಿಸಬೇಕಿದ್ದಾಗ ನಾನು ಒಂದು ಗಂಟೆಯ ಆಸುಪಾಸಿಗೆ ನಿಲ್ಲಿಸುತ್ತೇನೆ. ಪ್ರೋಬ್ ಇಲ್ಲದೆ ಬರೀ ಹೇರ್‌ಪಿನ್ ಹಾಕಿದ ಸ್ಲೈಡ್ ಪ್ರತಿ ಸಲವೂ ಜೊತೆಗಿರುತ್ತದೆ, ಮೈಕ್ರೋಸ್ಕೋಪ್ ಕೆಳಗೆ ಮೊದಲು ಹೋಗುವುದು ಅದೇ.