ಟೈಪ್‌ರೈಟರ್ ಕೊಳ್ಳುವವರೇ, ಮಾರುವವನ ಎಡಗೈ ನೋಡಿ

ಹಳೆಯ ಟೈಪ್‌ರೈಟರ್ ಬೇಕೆಂದು ಹುಬ್ಬಳ್ಳಿ-ಧಾರವಾಡದ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತುತ್ತಿರುವವರು ದಯವಿಟ್ಟು ಇದನ್ನು ಓದಿ. ₹14,500 ಹೋಯಿತು, ಅದಿರಲಿ. ಆದರೆ ಮೋಸ ನನ್ನಿಂದ ಒಂದು ಮೊಳ ದೂರದಲ್ಲಿ ನಡೆಯುತ್ತಿದ್ದಾಗ ನಾನು ಅದನ್ನು ಕಣ್ಣರಳಿಸಿ ನೋಡಿ, ಮೆಚ್ಚಿ, ತಲೆಯಾಡಿಸಿ ಬಂದೆನಲ್ಲ, ಅದು ಇಂದಿಗೂ ಹೊಟ್ಟೆ ಉರಿಸುತ್ತಿದೆ.

ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಅವರಿಗೆ ಎಪ್ಪತ್ತೈದು ತುಂಬುವ ದಿನ ಒಂದು ಚಾಲೂ ಇರುವ ಇಂಗ್ಲಿಷ್ ಟೈಪ್‌ರೈಟರ್ ತಂದು ಮುಂದಿಡಬೇಕೆಂಬುದು ನನ್ನ ಆಸೆಯಾಗಿತ್ತು. ಹುಬ್ಬಳ್ಳಿಯ ಗಲ್ಲಿಯೊಂದರ ಅಂಗಡಿಯಲ್ಲಿ ಕಪ್ಪಗೆ ಮಿರಮಿರ ಮಿಂಚುವ, ಮುಂಭಾಗದಲ್ಲಿ ಬಂಗಾರದ ಅಕ್ಷರಗಳಲ್ಲಿ ‘ರೆಮಿಂಗ್ಟನ್’ ಎಂದಿದ್ದ ಯಂತ್ರ ಸಿಕ್ಕಿತು. “ಬ್ರಿಟಿಷರ ಕಾಲದ್ದರೀ ಸರ್, 1930ರದ್ದು. ಕಲೆಕ್ಟರ್ ಸಾಹೇಬ್ರ ಬಂಗಲೇದಾಗ ಇತ್ತು. ಈಗ ಕುಂತು ಅರ್ಜಿ ಹೊಡೀರಿ, ಅಷ್ಟು ಚಾಲೂ ಐತಿ” ಎಂದು ಹೇಳಿ, ಹಾಳೆ ಸಿಕ್ಕಿಸಿ, ಬಲಗೈಯ ತೋರುಬೆರಳೊಂದರಿಂದಲೇ ಎ, ಎಸ್, ಡಿ, ಎಫ್ ಎಂದು ಒಂದೊಂದಾಗಿ ಒತ್ತುತ್ತಾ ಹೋದ. ಅಕ್ಷರಗಳು ಸಾಲಾಗಿ ಮೂಡಿದವು, ಸಾಲಿನ ಕೊನೆಗೆ ಠಣ್ ಎಂದು ಗಂಟೆಯೂ ಆಯಿತು. ಆ ಗಂಟೆಗೆ ನಾನು ಮಾರುಹೋದೆ. ಅವನ ಎಡಗೈ ಮೊದಲಿನಿಂದ ಕೊನೆಯವರೆಗೂ ರೋಲರಿನ ಎಡತುದಿಯ ಗುಂಡಿಯ ಮೇಲೆಯೇ ಇತ್ತು. ನೋಡಿದೆ, ಪಳಗಿದ ಕೈ ಎಂದುಕೊಂಡೆ. ಹದಿನೆಂಟು ಸಾವಿರ ಎಂದವನನ್ನು ಇಳಿಸಿದೆನೆಂಬ ಹೆಮ್ಮೆ ಬೇರೆ.

ಮನೆಯಲ್ಲಿ ತಂದೆಯವರು ಕನ್ನಡಕ ಒರೆಸಿಕೊಂಡು ಕುಳಿತು ಎರಡೂ ಕೈಗಳನ್ನು ಇಟ್ಟು ಹೊಡೆದರು. ಅಕ್ಷರದ ಮೇಲೆ ಅಕ್ಷರ ಬಿದ್ದು ಹಾಳೆಯ ಒಂದೇ ಜಾಗದಲ್ಲಿ ಹುರುಳಿಕಾಳಿನಷ್ಟು ಕಪ್ಪು ಕಲೆಯಾಯಿತು. ರೋಲರನ್ನೂ ಹಾಳೆಯನ್ನೂ ಹೊತ್ತು ಪಕ್ಕಕ್ಕೆ ಸರಿಯಬೇಕಾದ ಕ್ಯಾರೇಜ್ ಕದಲಲೇ ಇಲ್ಲ. ಯಂತ್ರವನ್ನು ತಿರುಗಿಸಿ ಹಿಂದೆ ಬೆರಳು ಹಾಕಿ ನೋಡಿದವರು, “ಇದು ನಡೆಯೂದಿಲ್ಲೋ ತಮ್ಮಾ, ಇದಕ್ಕ ಪಟ್ಟೀನ ಇಲ್ಲ” ಎಂದರು. ಹಿಂಬದಿಯ ಸ್ಪ್ರಿಂಗ್ ಡಬ್ಬಿಯಿಂದ ಹೊರಟ ಒಂದು ಪಟ್ಟಿ ಕ್ಯಾರೇಜನ್ನು ಸದಾ ಎಡಕ್ಕೆ ಎಳೆಯುತ್ತಿರುತ್ತದೆ, ಕೀಲಿ ಒತ್ತಿದಾಗಲೊಮ್ಮೆ ಹಲ್ಲಿನ ಚಕ್ರ ಅದನ್ನು ಒಂದು ಅಕ್ಷರದಷ್ಟು ಮಾತ್ರ ಬಿಡುತ್ತದೆ. ಪಟ್ಟಿಯೇ ಇಲ್ಲದ ಯಂತ್ರದ ಕ್ಯಾರೇಜನ್ನು ಕೈಯಿಂದ ಎಡಕ್ಕೆ ಎಳೆದು ಹಿಡಿದರೂ ಅಕ್ಷರಗಳು ಅಷ್ಟೇ ಚೆಂದ ಸಾಲಾಗಿ ಬೀಳುತ್ತವೆ. ಆ ಎಡಗೈ ಮಾಡುತ್ತಿದ್ದದ್ದು ಇದನ್ನೇ! ನನ್ನೆದುರಿಗೇ!

ಅಷ್ಟಕ್ಕೇ ಮುಗಿಯಲಿಲ್ಲ. ತಂದೆಯವರು ಬಂಗಾರದ ಹೆಸರನ್ನು ಉಗುರಿನಿಂದ ಕೆರೆದಾಗ ಅದು ಸ್ಟಿಕ್ಕರಿನಂತೆ ಎದ್ದು ಬಂತು. “ಇಪ್ಪತ್ತು ವರ್ಷ ಇದರ ಮುಂದ ಕುಂತಾಂವ ನಾ. ಇದು ಗೋದ್ರೇಜ್” ಎಂದರು. ಹಿಂಭಾಗದ ಹೊಸ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕಿದಾಗ ಕೆಳಗಿದ್ದ ಹಳೆಯ ಹೆಸರೂ ಕಂಡಿತು. ಗೋದ್ರೇಜ್ ಟೈಪ್‌ರೈಟರ್ ಮಾಡಲು ತೊಡಗಿದ್ದೇ 1955ರಲ್ಲಿ, ಬ್ರಿಟಿಷರು ಹೋಗಿ ಎಂಟು ವರ್ಷಗಳಾದ ಮೇಲೆ. ನಾನಾದರೋ ‘1930ರ ರೆಮಿಂಗ್ಟನ್’ ಎಂದು ಫೋಟೋ ಸಮೇತ ಊರಿಗೆಲ್ಲ ಸ್ಟೇಟಸ್ ಹಾಕಿ ಕುಳಿತಿದ್ದೆ.

ಫೋನ್ ಮಾಡಿದೆ. “ಗಾಡ್ಯಾಗ ಕುಲುಕಿ ಪಟ್ಟಿ ಹರದಿರಬೇಕ್ರೀ” ಎಂದ. ಹರಿದಿದ್ದರೆ ತುಂಡಾದರೂ ಇರಬೇಕಲ್ಲ, ಪಟ್ಟಿ ಸಿಕ್ಕಿಸುವ ಕೊಕ್ಕೆಯ ಮೇಲೆ ತುಕ್ಕು ಕಟ್ಟಿದೆ ಎಂದು ಹೇಳಿದಾಗ, “ಆ್ಯಂಟಿಕ್ ಪೀಸ್ ಶೋಕೇಸಿಗೆ ಇಡೂದ್ರೀ ಸರ್, ಈಗಿನ ಕಾಲದಾಗ ಟೈಪ್ ಯಾರು ಹೊಡೀತಾರ?” ಎಂದು ನನ್ನನ್ನೇ ಕೇಳಿದ. ಅರ್ಜಿ ಹೊಡೀರಿ ಎಂದವನೂ ಇವನೇ! ಗೋದ್ರೇಜ್ ವಿಷಯ ಎತ್ತಿದರೆ, “ಬ್ರಿಟಿಷರ ಕಾಲದ್ದು ಅಂದ್ರ ಬ್ರಿಟಿಷರ ಕಾಲದ ಡಿಸೈನ್ ಅಂತ್ರೀ” ಎಂಬ ಉತ್ತರ ಬಂತು. ಡಿಸೈನ್ ಅಂತೆ! ಬಿಲ್ಲನ್ನು ನಾನು ಕೇಳಿರಲಿಲ್ಲ, ಅವನು ಕೊಟ್ಟಿರಲಿಲ್ಲ. ಆಮೇಲೆ ಕಳಿಸಿದ ಮೆಸೇಜುಗಳಿಗೆ ಎರಡು ನೀಲಿ ಗೆರೆಗಳಷ್ಟೇ ಉತ್ತರ.

ಆದ್ದರಿಂದ ನೀವೇ ಕುಳಿತು, ಮಾರುವವನನ್ನು ಎರಡು ಹೆಜ್ಜೆ ದೂರ ನಿಲ್ಲಿಸಿ, ಒಂದು ಸಾಲು ಪೂರ್ತಿ ಹೊಡೆಯಿರಿ. ರೋಲರಿನ ರಬ್ಬರ್ ಕಲ್ಲಾಗಿದೆಯೇ ಎಂದು ಉಗುರು ಊರಿ ನೋಡಿ. ಶೋಭೆಗೆ ಮಾತ್ರ ಬೇಕಾದರೂ ಹೊಸ ಬಣ್ಣ ಮಿಂಚುವ ಯಂತ್ರವನ್ನು ನಂಬಬೇಡಿ, ಹಳೆಯ ಹೆಸರು ಮತ್ತು ನಂಬರು ಮುಚ್ಚಿಹೋಗುವುದು ಆ ಬಣ್ಣದ ಕೆಳಗೇ. ಬಂಗಲೆಯ ಕಥೆ ಹೇಳಿದರೆ ಎದ್ದು ಬನ್ನಿ.

ಇಷ್ಟನ್ನು ಈಗಲೇ ಬರೆಯಲು ಕಾರಣವಿದೆ. ನಿನ್ನೆ ಪರಿಚಯದವರೊಬ್ಬರು, ಕೊಳ್ಳಲೇ ಎಂದು ಕೇಳಿ, ಅದೇ ಅಂಗಡಿಯಿಂದ ಬಂದ ಒಂದು ವೀಡಿಯೊ ಕಳಿಸಿದರು. ಯಂತ್ರ ಬೇರೆ, ಈ ಸಲ ಬಣ್ಣ ಹಸಿರು. ಬಲಗೈಯ ಒಂದೇ ಬೆರಳು ಎ, ಎಸ್, ಡಿ, ಎಫ್ ಒತ್ತುತ್ತಿದೆ, ಎಡಗೈ ಗುಂಡಿಯ ಮೇಲಿದೆ.